ಉಪಕರಣಕಾರ ಜೇಮ್ಸ್ ವಾಟ್

ಕುದಿಯುವ ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡುತ್ತ ಕುಳಿತ ಬಾಲಕನ ಕಥೆಯನ್ನು ನಮ್ಮಲ್ಲಿ ಬಹುಮಂದಿ ಶಾಲೆಯ ದಿನಗಳಲ್ಲೇ ಕೇಳಿದ್ದೇವೆ. ಆ ಬಾಲಕನೇ ಮುಂದೆ ಉಗಿಯಂತ್ರವನ್ನು ಕಂಡುಹಿಡಿದ ಜೇಮ್ಸ್ ವಾಟ್ ಎಂದು ಕಥೆ ಮುಗಿಯುತ್ತದೆ. ಇದರಲ್ಲಿ ಹೆಸರೊಂದನ್ನು ಬಿಟ್ಟರೆ ಉಳಿದುದು ನಿಲ್ಲುವಂಥದಲ್ಲ. ವಾಟ್ ಹುಟ್ಟುವುದಕ್ಕೆ ಇಪ್ಪತ್ತನಾಲ್ಕು ವರ್ಷ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕಮೆನ್ನನ ಉಗಿಯಂತ್ರ ಇಂಗ್ಲೆಂಡಿನ ಗಣಿಯೊಂದರಿಂದ ನೀರೆತ್ತತೊಡಗಿತ್ತು. ವಾಟ್ ಹುಟ್ಟಾ ಯಂತ್ರಶಿಲ್ಪಿಯೂ ಅಲ್ಲ. ಅವನು ಕಲಿತ ಕಸುಬು ಅಳತೆಯ ಉಪಕರಣಗಳನ್ನು ಮಾಡುವುದು, ಕೆಟ್ಟರೆ ಸರಿಪಡಿಸುವುದು.

ಕಾರ್ಖಾನೆಗಳಲ್ಲಿ ಒತ್ತಡ, ಉಷ್ಣತೆ, ಹರಿವುಗಳನ್ನು ಅಳೆದು ಹತೋಟಿಯಲ್ಲಿಡುವ ಇನ್‌ಸ್ಟ್ರುಮೆಂಟೇಶನ್ ಕೆಲಸದಲ್ಲಿ ನಾನು ಬಹುಕಾಲ ಕಳೆದವನು. ಈ ವೃತ್ತಿಗೆ ಬರಬಯಸುವ ನಮ್ಮ ಕಡೆಯ ತರುಣರು ಎಷ್ಟು ಕಾಲದ ತರಬೇತಿ ಸಾಕು, ಯಾವ ಪ್ರಮಾಣಪತ್ರ ಬೇಕು ಎಂದು ವಿಚಾರಿಸಿದಾಗಲೆಲ್ಲ ನನಗೆ ವಾಟ್‌ನ ಜೀವನದ ಒಂದು ವರ್ಷ ನೆನಪಿಗೆ ಬರುತ್ತದೆ. ಆ ವರ್ಷವನ್ನು ನಡುವಿನಲ್ಲಿಟ್ಟು ಅವನ ಬಾಳನ್ನು ಇಲ್ಲಿ ಹೇಳುತ್ತೇನೆ.

ಸ್ಕಾಟ್ಲೆಂಡಿನ ಪಶ್ಚಿಮ ತೀರದ ಗ್ರೀನಕ್ ಎಂಬ ಬಂದರು ಊರಿನಲ್ಲಿ 1736ರ ಜನವರಿ 19ರಂದು ವಾಟ್ ಜನಿಸಿದನು. ಅವನ ಅಜ್ಜ ಥಾಮಸ್ ನಾವಿಕರಿಗೆ ಗಣಿತ ಕಲಿಸುತ್ತಿದ್ದವನು. ತಂದೆ ಹಡಗಿನ ಬಡಗಿ. ಹಡಗಿನ ಸಾಮಗ್ರಿಗಳ ವ್ಯಾಪಾರಿ. ದಿಕ್ಸೂಚಿ ಮೊದಲಾದ ನೌಕಾ ಉಪಕರಣಗಳ ದುರಸ್ತಿಯೂ ಅವನ ಅಂಗಡಿಯಲ್ಲಿ ನಡೆಯುತ್ತಿತ್ತು. ತಾಯಿ ಆಗ್ನೆಸ್ ಮ್ಯೂರ್‌ಹೆಡ್ ವಿದ್ಯಾವಂತೆ. ಮಗು ರೋಗಿಷ್ಠವಾಗಿದ್ದುದರಿಂದ ಮೊದಲ ಪಾಠಗಳು ಮನೆಯಲ್ಲೇ ಆದವು. ತೀವ್ರ ತಲೆನೋವು ವಾಟ್‌ನನ್ನು ಜೀವನದುದ್ದಕ್ಕೂ ಕಾಡಿತು. ತಂದೆಯ ಕಾರ್ಯಾಗಾರದಲ್ಲಿ ಹುಡುಗನಿಗೆಂದೇ ಚಿಕ್ಕ ಹತಾರಗಳಿದ್ದವು. ನಮ್ಮ ಊರುಗಳಲ್ಲಿ ಅಕ್ಕಸಾಲಿಗರ, ಬಡಗಿಗಳ ಮಕ್ಕಳು ಓದು ಕಲಿಯುವ ಮೊದಲೇ ಉಳಿಯ ಹಿಡಿತ ಕಲಿಯುವಂತೆ ಇವನೂ ಕಲಿತನೆನ್ನಬಹುದು.

ಈ ಮನೆಯ ಅನುಕೂಲದ ಒಂದು ಪಾಲು ಅಟ್ಲಾಂಟಿಕ್ ವ್ಯಾಪಾರದಿಂದ ಬಂದುದು. ಆ ವ್ಯಾಪಾರ ನಿಂತಿದ್ದುದು ಗುಲಾಮರ ದುಡಿಮೆಯ ಮೇಲೆ. 1762ರಲ್ಲಿ ಫ್ರೆಡರಿಕ್ ಎಂಬ ಕಪ್ಪು ಬಾಲಕನೊಬ್ಬನನ್ನು ಬೇರೆಯವರ ಮನೆಗೆ ಒಪ್ಪಿಸುವ ವ್ಯವಹಾರದಲ್ಲಿ ಸ್ವತಃ ಜೇಮ್ಸ್ ಕೈಹಾಕಿದ್ದನೆಂಬುದಕ್ಕೆ ಅವನ ಕುಟುಂಬದ ಪತ್ರಗಳೇ ಸಾಕ್ಷಿ. ಹಳೆಯ ಜೀವನಚರಿತ್ರೆಗಳು ಇದನ್ನು ಹೇಳುವುದಿಲ್ಲ. ವಾಟ್‌ನ ಕೈಚಳಕವನ್ನು ಮೆಚ್ಚುವವರು ಇದನ್ನೂ ತಿಳಿದೇ ಮೆಚ್ಚಬೇಕೆಂಬುದು ನನ್ನ ಅಭಿಪ್ರಾಯ.

1753ರಲ್ಲಿ ತಾಯಿ ತೀರಿಕೊಂಡಳು. ತಂದೆಯ ವ್ಯಾಪಾರವೂ ಇಳಿಮುಖವಾಗಿತ್ತು. ಮರುವರ್ಷ ಹದಿನೆಂಟರ ತರುಣ ಉಪಕರಣಗಳ ಕಸುಬು ಕಲಿಯಲೆಂದು ಗ್ಲಾಸ್ಗೋ ನಗರಕ್ಕೆ ಹೋದನು. ಆದರೆ ಅಲ್ಲಿ ಕಲಿಸಬಲ್ಲವರು ಯಾರೂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ರಾಬರ್ಟ್ ಡಿಕ್ ಲಂಡನ್ನಿಗೆ ಹೋಗುವಂತೆ ಸೂಚಿಸಿದನು. 1755ರ ಜೂನ್ ತಿಂಗಳಲ್ಲಿ ವಾಟ್ ಕುದುರೆಯ ಮೇಲೆ ಹೊರಟು, ಹನ್ನೆರಡು ದಿನಗಳಷ್ಟು ಪಯಣಿಸಿ ರಾಜಧಾನಿಯನ್ನು ಸೇರಿದನು.

ಅಲ್ಲಿ ಬಾಗಿಲುಗಳು ಮುಚ್ಚಿದ್ದವು. ಕಸುಬುದಾರರ ಸಂಘಗಳ ನಿಯಮದಂತೆ ಉಪಕರಣ ತಯಾರಿಕೆ ಕಲಿಯುವವನು ಏಳು ವರ್ಷ ಗುರುವಿನ ಕೈಕೆಳಗೆ ಬದ್ಧನಾಗಿ ದುಡಿಯಬೇಕು. ವಾಟ್‌ನಿಗೆ ವಯಸ್ಸು ಮೀರಿತ್ತು; ಅವನು ಹೊರಗಿನವನು; ಏಳು ವರ್ಷ ಅವನನ್ನು ಸಾಕುವ ಶಕ್ತಿ ತಂದೆಗೂ ಇರಲಿಲ್ಲ. ಕೊನೆಗೆ ಕಾರ್ನ್‌ಹಿಲ್ ಬಳಿಯ ಫಿಂಚ್ ಲೇನ್ ಎಂಬ ಓಣಿಯಲ್ಲಿ ಅಂಗಡಿಯಿಟ್ಟಿದ್ದ ಜಾನ್ ಮಾರ್ಗನ್ ಎಂಬವನು, 20 ಗಿನಿ ಶುಲ್ಕ ಮತ್ತು ಒಂದು ವರ್ಷದ ದುಡಿಮೆಗೆ ಪ್ರತಿಯಾಗಿ, ನಿಯಮವನ್ನು ಬದಿಗಿಟ್ಟು ಕಲಿಸಲು ಒಪ್ಪಿದನು.

ಆ ವರ್ಷ ಸುಲಭದ್ದಲ್ಲ. ದಿನಕ್ಕೆ ಹತ್ತು ಗಂಟೆ ಅಂಗಡಿಯ ಕೆಲಸ. ವಾರಕ್ಕೆ ಎಂಟು ಷಿಲಿಂಗ್‌ಗಳಲ್ಲಿ ಊಟ. ಅಷ್ಟರಲ್ಲಿ ಫ್ರಾನ್ಸಿನೊಡನೆ ಯುದ್ಧ ಬಂದಿತು. ನೌಕಾಪಡೆಯವರು ಬೀದಿಯಲ್ಲಿ ಸಿಕ್ಕ ತರುಣರನ್ನು ಬಲವಂತವಾಗಿ ಹಿಡಿದೊಯ್ಯುತ್ತಿದ್ದ ಕಾಲವದು. ಸಂಘದ ದಾಖಲೆಯಲ್ಲಿ ಹೆಸರಿಲ್ಲದ, ಯಾವ ರಕ್ಷಣೆಯೂ ಇಲ್ಲದ ವಾಟ್ ಹೊರಗೆ ಕಾಲಿಡಲು ಅಂಜುತ್ತಿದ್ದನು. ಕಲಿತದ್ದು ಮಾತ್ರ ಬಹಳ: ಮೊದಲು ಹಿತ್ತಾಳೆಯ ಅಳತೆಪಟ್ಟಿ, ಸಮಾಂತರ ರೇಖಾಪಟ್ಟಿ, ಬಳಿಕ ನಾವಿಕರ ಕ್ವಾಡ್ರಂಟ್, ವರ್ಷದ ಕೊನೆಗೆ ಭೂಮಾಪನದ ಥಿಯೋಡಲೈಟ್. ಹಿತ್ತಾಳೆಯ ವೃತ್ತವೊಂದನ್ನು ಸಮನಾದ ಅಂಶಗಳಾಗಿ ಭಾಗಿಸುವುದೇ ಆ ಕಸುಬಿನ ಪ್ರಾಣ. ಒಂದು ಗೆರೆ ಜಾರಿದರೆ ಸಮುದ್ರದ ಮೇಲಿನ ಹಡಗು ದಾರಿ ತಪ್ಪುತ್ತದೆ. ನನ್ನ ವೃತ್ತಿಯಲ್ಲಿ ಕ್ಯಾಲಿಬ್ರೇಶನ್ ಎಂದು ಕರೆಯುವ ಶಿಸ್ತಿನ ಬೇರು ಇಲ್ಲಿದೆ. ಉಪಕರಣ ಹೇಳಿದ್ದನ್ನು ನಂಬುವ ಮೊದಲು ಉಪಕರಣವನ್ನೇ ಪರೀಕ್ಷಿಸಬೇಕೆಂಬ ಸಂಶಯ ಕೈಗೆ ಹತ್ತುವುದು ಕೆಲಸದ ಮೇಜಿನಲ್ಲಿ. ಪುಸ್ತಕದಿಂದ ಅದು ಬರುವುದನ್ನು ನಾನು ಕಂಡಿಲ್ಲ.

1756ರಲ್ಲಿ ಕೆಮ್ಮು, ಬೆನ್ನುನೋವುಗಳೊಂದಿಗೆ ವಾಟ್ ಮನೆಗೆ ಮರಳಿದನು. ಅದೇ ವರ್ಷದ ಕೊನೆಯಲ್ಲಿ ಅದೃಷ್ಟ ಒದಗಿತು. ಜಮೈಕಾದಲ್ಲಿ ವರ್ತಕನೂ ತೋಟದೊಡೆಯನೂ ಆಗಿದ್ದ ಅಲೆಕ್ಸಾಂಡರ್ ಮ್ಯಾಕ್‌ಫರ್ಲೇನ್ ತನ್ನ ಖಗೋಳ ಉಪಕರಣಗಳನ್ನು ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಬಿಟ್ಟು ತೀರಿಕೊಂಡಿದ್ದನು. ಕಡಲ ಗಾಳಿಗೆ ತುಕ್ಕು ಹತ್ತಿದ್ದ ಅವನ್ನು ಶುಚಿಗೊಳಿಸಿ ಸರಿಪಡಿಸಿದ್ದಕ್ಕೆ ವಾಟ್‌ನಿಗೆ 5 ಪೌಂಡ್ ದೊರೆಯಿತು. ಏಳು ವರ್ಷದ ಕಲಿಕೆಯಿಲ್ಲದವನು ನಗರದಲ್ಲಿ ಅಂಗಡಿ ತೆರೆಯುವುದಕ್ಕೆ ಅಲ್ಲಿನ ಕಸುಬುದಾರರ ಸಂಘ ಅಡ್ಡಿಮಾಡಿತೆಂಬುದು ಪ್ರಚಲಿತವಾದ ಕಥನ. ಅಂತೂ 1757ರಲ್ಲಿ ವಿಶ್ವವಿದ್ಯಾಲಯವೇ ತನ್ನ ಆವರಣದಲ್ಲಿ ಕೋಣೆಯೊಂದನ್ನೂ ಗಣಿತೋಪಕರಣ ತಯಾರಕನೆಂಬ ಬಿರುದನ್ನೂ ಅವನಿಗೆ ಕೊಟ್ಟಿತು.

ತರಬೇತಿಯ ಎರಡನೆಯ ಭಾಗ ಆ ಕೋಣೆಯಲ್ಲಿ ನಡೆಯಿತೆಂದು ನಾನು ತಿಳಿಯುತ್ತೇನೆ. ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಜಾನ್ ರಾಬಿಸನ್ ಅಲ್ಲಿಗೆ ಬಂದು ಗಂಟೆಗಟ್ಟಲೆ ಕೂರುತ್ತಿದ್ದರು. ಹೊಟ್ಟೆಪಾಡಿಗಾಗಿ ವಾಟ್ ಕೊಳಲು, ಪಿಟೀಲುಗಳನ್ನೂ ದುರಸ್ತಿಮಾಡುತ್ತಿದ್ದನು. ಸಂಗೀತದ ಕಿವಿ ಅವನಿಗೆ ಇರಲಿಲ್ಲವಾದರೂ ಆರ್ಗನ್ ಒಂದನ್ನು ಕಟ್ಟಿದನು.

1763ರ ಚಳಿಗಾಲದಲ್ಲಿ ಪ್ರಾಧ್ಯಾಪಕ ಜಾನ್ ಆಂಡರ್ಸನ್ ಪಾಠಕ್ಕೆ ಬಳಸುತ್ತಿದ್ದ ನ್ಯೂಕಮೆನ್ ಯಂತ್ರದ ಮಾದರಿಯೊಂದು ವಾಟ್‌ನ ಕೈಸೇರಿತು. ಲಂಡನ್ನಿನ ಉಪಕರಣಕಾರ ಸಿಸನ್ ಅದನ್ನು ನೋಡಿಯೂ ಅದು ಓಡುತ್ತಿರಲಿಲ್ಲ. ಸಿಲಿಂಡರಿನ ವ್ಯಾಸ ಎರಡೇ ಇಂಚು, ಪಿಸ್ಟನ್ ಚಲಿಸುವ ದೂರ ಆರು ಇಂಚು. ವಾಟ್ ಸರಿಪಡಿಸಿದ ಬಳಿಕವೂ ಅದು ಕೆಲವು ಸಲ ಹೊಡೆದು ನಿಂತುಬಿಡುತ್ತಿತ್ತು. ಬಾಯ್ಲರಿನ ಹಬೆ ಸಾಲುತ್ತಿರಲಿಲ್ಲ. ದುರಸ್ತಿಗಾರನ ಕೆಲಸ ಇಲ್ಲಿಗೆ ಮುಗಿಯಬಹುದಿತ್ತು. ಉಪಕರಣಕಾರ ಅಳೆಯಲು ಕುಳಿತನು. ಒಂದೊಂದು ಹೊಡೆತಕ್ಕೂ ಸಿಲಿಂಡರಿನ ಗಾತ್ರದ ಹಲವು ಪಟ್ಟು ಹಬೆ ವ್ಯಯವಾಗುತ್ತಿದೆಯೆಂಬುದು ತಿಳಿಯಿತು. ಹಬೆಯಾದ ನೀರು ತನ್ನ ತೂಕದ ಸುಮಾರು ಆರು ಪಟ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದೆಂಬುದೂ ಗೊತ್ತಾಯಿತು. ಈ ಅಚ್ಚರಿಯನ್ನು ಬ್ಲ್ಯಾಕ್‌ನ ಮುಂದಿಟ್ಟಾಗ, ತಾನು ಆಗಲೇ ಪಾಠಮಾಡುತ್ತಿದ್ದ ಗುಪ್ತೋಷ್ಣದ ತತ್ತ್ವವನ್ನು ಅವನು ವಿವರಿಸಿದನು.

ಹಬೆಯನ್ನು ತಣಿಸಲು ಪ್ರತಿ ಸಲವೂ ಸಿಲಿಂಡರಿನೊಳಗೆ ತಣ್ಣೀರು ಚಿಮ್ಮಿಸುತ್ತಿದ್ದುದೇ ದೋಷದ ಮೂಲ. ಸಿಲಿಂಡರ್ ತಣ್ಣಗಾಗುತ್ತಿತ್ತು, ಅದನ್ನು ಮತ್ತೆ ಕಾಯಿಸುವುದಕ್ಕೇ ಹೊಸ ಹಬೆಯ ಬಹುಪಾಲು ವ್ಯರ್ಥವಾಗುತ್ತಿತ್ತು. 1765ರ ಮೇ ತಿಂಗಳ ಒಂದು ಭಾನುವಾರ, ಗ್ಲಾಸ್ಗೋ ಗ್ರೀನ್ ಬಯಲಿನಲ್ಲಿ ನಡೆಯುತ್ತಿದ್ದಾಗ ವಾಟ್‌ನಿಗೆ ಪರಿಹಾರ ಹೊಳೆಯಿತು: ಹಬೆಯನ್ನು ಬೇರೊಂದು ಪಾತ್ರೆಗೆ ಎಳೆದು ಅಲ್ಲಿ ತಣಿಸಬೇಕು, ಸಿಲಿಂಡರ್ ಸದಾ ಬಿಸಿಯಾಗಿರಬೇಕು. ಪ್ರತ್ಯೇಕ ಕಂಡೆನ್ಸರ್ ಎಂದು ಪ್ರಸಿದ್ಧವಾದುದು ಇದೇ. ಒಂದು ಕ್ಷಣದ ಹೊಳಹೆಂದು ಇದನ್ನು ವರ್ಣಿಸುವುದುಂಟು. ಅದರ ಹಿಂದೆ ಒಂದೂವರೆ ವರ್ಷದ ಅಳತೆಯಿತ್ತು.

ಹೊಳೆದದ್ದು ಕಬ್ಬಿಣವಾಗಲು ಹನ್ನೊಂದು ವರ್ಷ ಹಿಡಿಯಿತು. 1764ರಲ್ಲಿ ಮಾರ್ಗರೆಟ್ ಮಿಲ್ಲರಳನ್ನು ಮದುವೆಯಾಗಿದ್ದ ವಾಟ್‌ನಿಗೆ ಸಂಸಾರದ ಹೊರೆಯಿತ್ತು, ಸಾಲವಿತ್ತು. ಉದ್ಯಮಿ ಜಾನ್ ರೋಬಕ್ ಸಾಲವನ್ನು ವಹಿಸಿಕೊಂಡು ಪೇಟೆಂಟಿನ ಮೂರನೆಯ ಎರಡು ಪಾಲು ಪಡೆದನು. ಪೇಟೆಂಟ್ 1769ರಲ್ಲಿ ದೊರೆಯಿತು. ವಾಟ್ ಆ ವರ್ಷಗಳಲ್ಲಿ ಅನ್ನ ಸಂಪಾದಿಸಿದ್ದು ಕಾಲುವೆಗಳ ಮೋಜಣಿಯಿಂದ. 1773ರಲ್ಲಿ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಕಾಲುವೆಯ ದಾರಿ ಅಳೆಯುತ್ತಿದ್ದಾಗ ಹೆಂಡತಿಯ ಕಾಯಿಲೆಯ ಸುದ್ದಿ ಬಂದಿತು. ಮಳೆಯಲ್ಲಿ ಕುದುರೆಯೋಡಿಸಿ ಮನೆ ಮುಟ್ಟುವ ಮೊದಲೇ ಅವಳು ತೀರಿಕೊಂಡಿದ್ದಳು. ಅದೇ ವರ್ಷ ರೋಬಕ್ ದಿವಾಳಿಯಾದನು. ಅವನ ಪಾಲು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್‌ನಿಗೆ ಸೇರಿತು.

1774ರಲ್ಲಿ ವಾಟ್ ಬರ್ಮಿಂಗ್‌ಹ್ಯಾಮಿಗೆ ನೆಲೆ ಬದಲಿಸಿದನು. ಮರುವರ್ಷ ಪಾಲುಗಾರಿಕೆ ಆರಂಭವಾಯಿತು. ಅದುವರೆಗೆ ಯಂತ್ರ ಕೆಡುತ್ತಿದ್ದುದು ಗುಂಡಾಗಿಲ್ಲದ ಸಿಲಿಂಡರಿನಿಂದ. ಫಿರಂಗಿಯ ನಳಿಗೆ ಕೊರೆಯುವುದರಲ್ಲಿ ಪಳಗಿದ್ದ ಜಾನ್ ವಿಲ್ಕಿನ್ಸನ್ ಈ ಕೊರತೆ ನೀಗಿದನು. ಅವನು ಕೊರೆದ 50 ಇಂಚು ವ್ಯಾಸದ ಸಿಲಿಂಡರ್ ಹಳೆಯ ಷಿಲಿಂಗ್ ನಾಣ್ಯದ ದಪ್ಪಕ್ಕಿಂತ ಹೆಚ್ಚು ತಪ್ಪಿರಲಿಲ್ಲ. 1776ರಲ್ಲಿ ಮೊದಲ ದೊಡ್ಡ ಯಂತ್ರಗಳು ಕೆಲಸಕ್ಕೆ ತೊಡಗಿದವು.

ಇಲ್ಲಿಂದ ಮುಂದಿನ ಯಶಸ್ಸಿನ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ನನ್ನ ಆಸಕ್ತಿ ಆ ಯಂತ್ರಗಳಿಗೆ ಅಂಟಿಕೊಂಡಿದ್ದ ಸಣ್ಣ ವಸ್ತುಗಳಲ್ಲಿ. ಕಾರ್ನ್‌ವಾಲಿನ ಗಣಿಗಳಿಂದ ಬೋಲ್ಟನ್ ಮತ್ತು ವಾಟ್ ಪಡೆಯುತ್ತಿದ್ದ ಹಣ, ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿದ ಕಲ್ಲಿದ್ದಲಿನ ಬೆಲೆಯ ಮೂರನೆಯ ಒಂದು ಭಾಗ. ಉಳಿತಾಯವನ್ನು ಲೆಕ್ಕಹಾಕಲು ಯಂತ್ರ ಎಷ್ಟು ಸಲ ಹೊಡೆಯಿತೆಂಬುದು ತಿಳಿಯಬೇಕು. ಅದಕ್ಕೆಂದು ವಾಟ್ ತೂಗುವ ತೊಲೆಗೆ ಎಣಿಕೆಯ ಉಪಕರಣವನ್ನು ಕಟ್ಟಿ, ಯಾರೂ ಕೈಯಾಡಿಸದಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿದನು. ನಮ್ಮ ಮನೆಗಳ ವಿದ್ಯುತ್ ಮೀಟರಿನ ಮೊಹರು ನೋಡಿದಾಗ ನನಗೆ ಆ ಬೀಗ ನೆನಪಾಗುತ್ತದೆ. ಕಂಡೆನ್ಸರಿನ ನಿರ್ವಾತ ತಿಳಿಯಲು ಪಾದರಸದ ಮಾಪಕವನ್ನೂ ಅವನು ಜೋಡಿಸಿದನು.

ಗಿರಣಿಗಳಿಗೆ ಚಕ್ರ ತಿರುಗಿಸುವ ಯಂತ್ರ ಬೇಕಾದಾಗ ಹೊಸ ಸಮಸ್ಯೆ ಎದ್ದಿತು. ನೂಲುವ, ಬೀಸುವ ಕೆಲಸಕ್ಕೆ ವೇಗ ಸಮವಾಗಿರಬೇಕು. 1788ರ ಮೇ ತಿಂಗಳಲ್ಲಿ ಬೋಲ್ಟನ್ ಲಂಡನ್ನಿನ ಆಲ್ಬಿಯನ್ ಹಿಟ್ಟಿನ ಗಿರಣಿಯಲ್ಲಿ ಬೀಸುವ ಕಲ್ಲುಗಳ ಅಂತರವನ್ನು ಕಾಯುವ ತಿರುಗುಗುಂಡುಗಳ ಸಾಧನವನ್ನು ಕಂಡು ವಾಟ್‌ನಿಗೆ ಬರೆದನು. ವರ್ಷ ಮುಗಿಯುವುದರೊಳಗೆ ವಾಟ್ ಅದನ್ನು ಯಂತ್ರಕ್ಕೆ ಅಳವಡಿಸಿದನು. ವೇಗ ಹೆಚ್ಚಿದರೆ ಎರಡು ಗುಂಡುಗಳೂ ಹೊರಕ್ಕೆ ಸಿಡಿದು ಮೇಲೇಳುತ್ತವೆ. ಸನ್ನೆಗೋಲುಗಳು ಹಬೆಯ ಕವಾಟವನ್ನು ಕಿರಿದುಮಾಡುತ್ತವೆ. ವೇಗ ತಗ್ಗಿದರೆ ಗುಂಡುಗಳು ಇಳಿದು ಕವಾಟ ತೆರೆಯುತ್ತದೆ. ಯಂತ್ರವೇ ತನ್ನನ್ನು ಅಳೆದುಕೊಂಡು ತಿದ್ದಿಕೊಳ್ಳುತ್ತದೆ. ಇಂದು ಫೀಡ್‌ಬ್ಯಾಕ್ ಎನ್ನುವುದು ಇದನ್ನೇ. ತತ್ತ್ವ ಗಾಳಿಗಿರಣಿಗಳಲ್ಲಿ ಮೊದಲೇ ಬಳಕೆಯಲ್ಲಿದ್ದುದರಿಂದ ವಾಟ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಈ ಗವರ್ನರ್ ಪೂರ್ಣ ನಿಖರವೂ ಅಲ್ಲ: ಹೊರೆ ಹೆಚ್ಚಿದಾಗ ಯಂತ್ರ ಮೊದಲಿನದಕ್ಕಿಂತ ತುಸು ಕಡಿಮೆ ವೇಗದಲ್ಲಿ ನೆಲೆಗೊಳ್ಳುತ್ತದೆ. ಕಂಟ್ರೋಲ್ ಕಲಿಯುವವರು ಮೊದಲ ತಿಂಗಳಲ್ಲೇ ಎದುರಿಸುವ ಆಫ್‌ಸೆಟ್ ಎಂಬ ದೋಷವಿದು. ಇಂಥ ಸಾಧನಗಳು ಯಾವಾಗ ನೆಲೆಗೊಳ್ಳುತ್ತವೆ, ಯಾವಾಗ ತೂರಾಡುತ್ತವೆ ಎಂಬುದನ್ನು ಗಣಿತದಿಂದ ಬಿಡಿಸಿದವನು, 1868ರಲ್ಲಿ, ಇನ್ನೊಬ್ಬ ಸ್ಕಾಟ್, ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್.

ಗವರ್ನರಿಗಿಂತಲೂ ನನಗೆ ಹೆಚ್ಚು ಪ್ರಿಯವಾದುದು ಇಂಡಿಕೇಟರ್. ಸ್ಪ್ರಿಂಗಿಗೆ ಎದುರಾಗಿ ಚಲಿಸುವ ಪುಟ್ಟ ಪಿಸ್ಟನ್ನನ್ನು ದೊಡ್ಡ ಸಿಲಿಂಡರಿಗೆ ಸೇರಿಸಿ ವಾಟ್ ಒಳಗಿನ ಒತ್ತಡವನ್ನು ಮುಳ್ಳಿನಿಂದ ತೋರಿಸಿದನು. 1796ರಲ್ಲಿ ಅವನ ಸಹಾಯಕ ಜಾನ್ ಸದರ್ನ್ ಅದಕ್ಕೆ ಪೆನ್ಸಿಲನ್ನೂ ಪಿಸ್ಟನ್ನಿನೊಡನೆ ಸರಿಯುವ ಹಲಗೆಯನ್ನೂ ಕೂಡಿಸಿದನು. ಹಲಗೆಯ ಕಾಗದದ ಮೇಲೆ ಯಂತ್ರ ತನ್ನ ಒಂದೊಂದು ಉಸಿರನ್ನೂ ವಕ್ರರೇಖೆಯಾಗಿ ಬರೆಯಿತು. ರೇಖೆ ಸುತ್ತುವರಿದ ಕ್ಷೇತ್ರಫಲವೇ ಮಾಡಿದ ಕೆಲಸ. ಈ ಸಾಧನವನ್ನು ಸಂಸ್ಥೆ ವರ್ಷಗಟ್ಟಲೆ ಗುಟ್ಟಾಗಿಟ್ಟಿತು. ನಿಯಮ ಸಡಿಲಿಸಿ ಕಲಿಸಿದ ಗುರುವಿನಿಂದ ಬೆಳೆದವನು ತಾನು ಕಂಡುದನ್ನು ಬಚ್ಚಿಟ್ಟನೆಂಬುದು ನನಗೆ ಹಿತವಾಗಿ ಕಾಣುವುದಿಲ್ಲ. 1790ರ ದಶಕವೆಲ್ಲ ಅವನು ಪೇಟೆಂಟಿನ ವ್ಯಾಜ್ಯಗಳಲ್ಲಿ ಕಳೆದನು. ಹೆಚ್ಚಿನ ಒತ್ತಡದ ಹಬೆಯನ್ನು ಬಳಸುವ ಯತ್ನಗಳಿಗೆ ಅವನ ಒಲವಿರಲಿಲ್ಲ.

1800ರಲ್ಲಿ ಪೇಟೆಂಟ್ ಮುಗಿದಾಗ ವಾಟ್ ವ್ಯವಹಾರದಿಂದ ನಿವೃತ್ತನಾದನು. 1804ರಲ್ಲಿ ಎರಡನೆಯ ಹೆಂಡತಿ ಆ್ಯನ್ ಮ್ಯಾಕ್‌ಗ್ರೆಗರಳಲ್ಲಿ ಹುಟ್ಟಿದ ಮಗ ಗ್ರೆಗರಿ ತೀರಿಕೊಂಡನು. ಹ್ಯಾಂಡ್ಸ್‌ವರ್ತ್‌ನ ಹೀತ್‌ಫೀಲ್ಡ್ ಮನೆಯ ಅಟ್ಟದ ಕೋಣೆಯಲ್ಲಿ ಕುಳಿತು, ಶಿಲ್ಪಗಳ ಪ್ರತಿ ತೆಗೆಯುವ ಯಂತ್ರವನ್ನು ತಿದ್ದುತ್ತ ಅವನು ಕೊನೆಯ ವರ್ಷಗಳನ್ನು ಕಳೆದನು. 1819ರ ಆಗಸ್ಟ್ 25ರಂದು ನಿಧನನಾದನು.

ಆ ಅಟ್ಟವನ್ನು ವಸ್ತುಗಳ ಸಮೇತ 1924ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿಗೆ ತರಲಾಯಿತು. ಎಂಟು ಸಾವಿರಕ್ಕೂ ಹೆಚ್ಚು ವಸ್ತುಗಳು ಅದರಲ್ಲಿವೆ. ನಾನು ನೋಡಲು ಹೋದ ದಿನ ಉಗಿಯಂತ್ರಕ್ಕಾಗಿ ಹುಡುಕುತ್ತಿದ್ದ ಮಕ್ಕಳ ಗುಂಪೊಂದು ಕೋಣೆಯ ಗಾಜಿನ ಮುಂದೆ ನಿಲ್ಲದೆ ಮುಂದಕ್ಕೆ ಹೋಯಿತು. ಒಳಗೆ ಲೇತ್ ಇತ್ತು, ಪ್ರತಿಮೆಗಳ ಯಂತ್ರಗಳಿದ್ದವು, ಗ್ರೆಗರಿಯ ಶಾಲೆಯ ಕಾಗದಗಳಿದ್ದ ಪೆಟ್ಟಿಗೆಯಿತ್ತು. ಅವುಗಳ ನಡುವೆ, ಅರವತ್ತು ವರ್ಷ ಹಿಂದಿನ ಗ್ಲಾಸ್ಗೋ ಅಂಗಡಿಯಿಂದ ಬಂದ ಉಪಕರಣ ತಯಾರಿಕೆಯ ಹತಾರಗಳೂ ಇದ್ದವು.