ಕರಿಯ ಕಣದ ಜಾಡು ಹಿಡಿದವನು: ರೊನಾಲ್ಡ್ ರಾಸ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯು 1953ರವರೆಗೆ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಒಂದು ಕಾಲಕ್ಕೆ ಚಳಿಜ್ವರವೆಂದರೆ ನಾಡಿಗೆ ನಾಡೇ ನಡುಗುತ್ತಿತ್ತು. ಅದು ಕೆಟ್ಟ ಗಾಳಿಯಿಂದ ಬರುವುದೆಂದು ಪಂಡಿತರೂ ನಂಬಿದ್ದರು. ಆ ನಂಬಿಕೆಯ ಬುಡವನ್ನು ಕಿತ್ತವನು ಅದೇ ಮದ್ರಾಸ್ ಆಡಳಿತದಲ್ಲಿ ಸೇನಾವೈದ್ಯನಾಗಿದ್ದ ರೊನಾಲ್ಡ್ ರಾಸ್. ಅವನ ಬಾಳಿನ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವುಂಟು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಅಲ್ಮೋರದಲ್ಲಿ. ತಂದೆ ಸೈನ್ಯಾಧಿಕಾರಿ. ಎಂಟನೆಯ ವಯಸ್ಸಿನಲ್ಲಿ ಹುಡುಗನನ್ನು ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನ ಒಲವು ಕಾವ್ಯದಲ್ಲಿ, ಸಂಗೀತದಲ್ಲಿ, ಗಣಿತದಲ್ಲಿ. ತಂದೆಯ ಹಟ ವೈದ್ಯವಿದ್ಯೆಯಲ್ಲಿ. ಮನಸ್ಸಿಲ್ಲದ ಮನಸ್ಸಿನಿಂದ ಓದಿ, 1881ರಲ್ಲಿ ಅವನು ಭಾರತದ ವೈದ್ಯಸೇವೆಗೆ ಸೇರಿದನು. ಕೆಲಸ ಹಗುರ, ಬಿಡುವು ಹೇರಳ. ಕಾದಂಬರಿ, ಕವಿತೆಗಳನ್ನು ಬರೆಯುತ್ತ ವರ್ಷಗಳು ಉರುಳಿದವು.

1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಮಿತಿಮೀರಿತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಮಿಜಿಗುಟ್ಟುವುದನ್ನು ಕಂಡು ರಾಸ್ ಅದನ್ನು ಬರಿದುಮಾಡಿಸಿದನು. ಕಾಟ ಬಹುಮಟ್ಟಿಗೆ ಇಳಿಯಿತು. ಸೊಳ್ಳೆಗೂ ಜ್ವರಕ್ಕೂ ನಂಟಿದೆಯೆಂಬುದು ಆಗ ಅವನಿಗೆ ತಿಳಿದಿರಲಿಲ್ಲ. ಆದರೆ ನೀರು ನಿಲ್ಲಗೊಡದಿದ್ದರೆ ಸೊಳ್ಳೆ ಬದುಕದೆಂಬ ಪಾಠ ಮನಸ್ಸಿನಲ್ಲಿ ಉಳಿಯಿತು.

ಮಲೇರಿಯದ ರೋಗಾಣುವನ್ನು ರೋಗಿಯ ರಕ್ತದಲ್ಲಿ ಮೊದಲು ಕಂಡವನು ಫ್ರಾನ್ಸಿನ ಲಾವರಾನ್, 1880ರಲ್ಲಿ. ಅದು ಒಂದೇ ಜೀವಕೋಶದ ಪರಾವಲಂಬಿ ಜೀವಿ. ಒಬ್ಬರಿಂದ ಇನ್ನೊಬ್ಬರಿಗೆ ಅದು ಸಾಗುವ ದಾರಿ ಮಾತ್ರ ನಿಗೂಢವಾಗಿತ್ತು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯನು ರಾಸ್‌ಗೆ ರೋಗಾಣುವನ್ನು ತೋರಿಸಿ, ಸೊಳ್ಳೆಯ ಮೇಲಿನ ತನ್ನ ಸಂಶಯವನ್ನು ತಿಳಿಸಿದನು. ರಾಸ್‌ಗೆ ಬಾಳಿನ ಗುರಿ ದೊರೆಯಿತು.

ಆದರೆ ಸರ್ಕಾರಕ್ಕೆ ಅವನ ಗುರಿಯ ಚಿಂತೆ ಇರಲಿಲ್ಲ. ಸಿಕಂದರಾಬಾದಿನಲ್ಲಿ ಶೋಧನೆ ಆರಂಭವಾಗಿತ್ತೋ ಇಲ್ಲವೋ, 1895ರಲ್ಲಿ ಕಾಲರಾ ನಿವಾರಣೆಗೆಂದು ಅವನನ್ನು ಬೆಂಗಳೂರಿಗೆ ಕಳುಹಿಸಿದರು. ಚರಂಡಿ, ಬಾವಿ, ಕಸದ ರಾಶಿಗಳ ನಡುವೆ ಅವನ ದಿನಗಳು ಕಳೆದವು. ಮುಂದೆ ಊಟಿಯ ಬಳಿಯ ಸೀಗೂರು ಘಾಟಿಗೆ ಹೋಗಿ ತಾನೇ ಚಳಿಜ್ವರಕ್ಕೆ ತುತ್ತಾದನು.

ಮತ್ತೆ ಸಿಕಂದರಾಬಾದು, ಬೇಸಗೆಯ ಉರಿ. ಬೀಸಿದರೆ ಸೊಳ್ಳೆಗಳು ಹಾರಿಹೋದಾವೆಂದು ಪಂಕವನ್ನೂ ಎಳೆಸುವಂತಿರಲಿಲ್ಲ. ಹುಸೇನ್ ಖಾನ್ ಎಂಬ ರೋಗಿ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ತನ್ನ ಮೈಯನ್ನು ಸೊಳ್ಳೆಗಳಿಗೆ ಒಡ್ಡಿದನು. 1897ರ ಆಗಸ್ಟ್ 20ರಂದು, ಚುಕ್ಕೆರೆಕ್ಕೆಯ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ರಾಸ್‌ಗೆ ಕಂಡವು. ಅವುಗಳೊಳಗೆ ಕರಿಯ ಕಣಗಳು! ರೋಗಿಯ ರಕ್ತದಲ್ಲಿನ ರೋಗಾಣುವಿನೊಳಗೆ ಕಾಣುತ್ತಿದ್ದ ಕಣಗಳೇ ಅವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅಂಥ ಕೋಶಗಳು ಇನ್ನಷ್ಟು ಬೆಳೆದಿದ್ದವು. ರೋಗಾಣು ಸೊಳ್ಳೆಯ ಒಡಲಲ್ಲಿ ಜೀವಂತವಾಗಿ ಬೆಳೆಯುತ್ತಿತ್ತು.

ಆ ಕರಿಯ ಕಣಗಳ ಮರ್ಮವನ್ನು ಬಿಡಿಸಿದ್ದು ಮುಂದಿನ ತಲೆಮಾರುಗಳು. ರೋಗಾಣುವು ಕೆಂಪು ರಕ್ತಕಣವನ್ನು ಹೊಕ್ಕು ಅಲ್ಲಿನ ಹಿಮೋಗ್ಲೋಬಿನ್ನನ್ನು ತಿನ್ನುತ್ತದೆ. ಅದರ ಕೋಶದೊಳಗೆ ಆಹಾರಕ್ಕೆಂದೇ ಒಂದು ಕಿರುಚೀಲವಿದೆ. ಪ್ಲಾಸ್ಮೆಪ್ಸಿನ್ ಮೊದಲಾದ ಕಿಣ್ವಗಳು ಅಲ್ಲಿ ಪ್ರೋಟೀನನ್ನು ಕತ್ತರಿಸುತ್ತವೆ. ಉಳಿದ ವಿಷಭಾಗವು ಹರಳುಗಟ್ಟಿ ಕಪ್ಪಾಗುತ್ತದೆ. ಅದೇ ಕುಲದ ಐದನೆಯ ಪ್ಲಾಸ್ಮೆಪ್ಸಿನ್ನಿನ ಮನೆಯೇ ಬೇರೆ, ವೃತ್ತಿಯೇ ಬೇರೆ. ಪ್ರೋಟೀನುಗಳು ಸಿದ್ಧವಾಗುವ ಒಳಜಾಲದಲ್ಲಿ ನೆಲೆಸಿ, ರಕ್ತಕಣಕ್ಕೆ ರವಾನೆಯಾಗಬೇಕಾದ ಪ್ರೋಟೀನುಗಳನ್ನು ಗೊತ್ತಾದ ಜಾಗದಲ್ಲಿ ಅದು ಕತ್ತರಿಸುತ್ತದೆಂದು 2010ರಲ್ಲಿ ಸ್ಥಿರಪಟ್ಟಿತು. ಪ್ರೋಟೀನಿಗೆ ಕೊಬ್ಬಿನ ಆಮ್ಲವನ್ನು ಅಂಟಿಸುವ ಕಿಣ್ವಗಳೂ ಹೀಗೆಯೇ ಕೋಶದ ಬೇರೆ ಬೇರೆ ಪೊರೆಗಳಲ್ಲಿ ಹಂಚಿಹೋಗಿವೆ. ಕಿಣ್ವ ಯಾವುದೆಂದರಿತರೆ ಸಾಲದು, ಎಲ್ಲಿದೆಯೆಂದೂ ಅರಿಯಬೇಕು. ಹೊಸ ಔಷಧವನ್ನು ಅರಸುವವರಿಗೆ ಈ ಎರಡು ಅರಿವೂ ಬೇಕು. ರಾಸ್‌ನನ್ನು ಕಾಡಿದ್ದೂ ಈ 'ಎಲ್ಲಿ' ಎಂಬ ಪ್ರಶ್ನೆಯೇ ಅಲ್ಲವೆ?

ಗೆಲವಿನ ಬೆನ್ನಿಗೇ ಅವನಿಗೆ ವರ್ಗವಾಯಿತು. ಮಲೇರಿಯ ರೋಗಿಗಳು ವಿರಳವಾಗಿದ್ದ ರಾಜಪುತಾನದ ಖೇರವಾಡಕ್ಕೆ ಹೋಗಬೇಕಾಯಿತು. 1898ರಲ್ಲಿ ಕಲ್ಕತ್ತೆಗೆ ಬಂದು, ಮಹಮ್ಮದ್ ಬಕ್ಷ್ ಎಂಬ ಸಹಾಯಕನೊಡನೆ ಹಕ್ಕಿಗಳ ಮಲೇರಿಯವನ್ನು ಪರಿಶೀಲಿಸಿದನು. ಆ ಜುಲೈಯಲ್ಲಿ ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ರೋಗಾಣು ಕಂಡಿತು. ಸೊಳ್ಳೆ ಕಚ್ಚಿದ ಆರೋಗ್ಯವಂತ ಗುಬ್ಬಿಗಳಿಗೆ ರೋಗ ತಗುಲಿತು. ದಾರಿ ಪೂರ್ಣವಾಯಿತು. ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯವನ್ನು ಹರಡುವುದು ಅನಾಫಿಲಿಸ್ ಸೊಳ್ಳೆಯೆಂದು ಸಿದ್ಧಪಡಿಸಿದರು.

1902ರಲ್ಲಿ ನೊಬೆಲ್ ಪಾರಿತೋಷಕವು ರಾಸ್‌ಗೆ ಸಂದಿತು. ಗ್ರಾಸಿಗೆ ಪಾಲು ದೊರೆಯಲಿಲ್ಲ. ಕೀರ್ತಿ ಬಂದರೂ ರಾಸ್‌ನ ಮನಸ್ಸು ತಣಿಯಲಿಲ್ಲ. ಗ್ರಾಸಿಯೊಡನೆ ಕಲಹ ಮುಗಿಯಲಿಲ್ಲ. ದಾರಿ ತೋರಿದ ಮ್ಯಾನ್ಸನ್ನನೊಡನೆಯೂ ಮುಂದೆ ವಿರಸವಾಯಿತು. ಅಣುವಿನಷ್ಟು ಸೂಕ್ಷ್ಮವನ್ನು ಕಂಡ ಕಣ್ಣು ಎದುರಾಳಿಯ ಹಿರಿಮೆಯನ್ನು ಕಾಣಲೊಲ್ಲದಾಯಿತು. ದೋಷವನ್ನು ಮುಚ್ಚಿಡುವುದು ಚರಿತ್ರಕಾರನ ಧರ್ಮವಲ್ಲ.

ಆದರೂ ಅವನ ದೃಷ್ಟಿ ಪಾರಿತೋಷಕದಲ್ಲಿಯೇ ನಿಲ್ಲಲಿಲ್ಲ. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗ ತಾನಾಗಿ ಅಳಿಯುವುದೆಂದು ಗಣಿತದಿಂದ ತೋರಿಸಿದನು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡನು.

1953ರಲ್ಲಿ, ನಮ್ಮ ಈ ತಾಲ್ಲೂಕುಗಳು ಮೈಸೂರನ್ನು ಕೂಡಿಕೊಂಡ ವರ್ಷವೇ, ಮಲೇರಿಯ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಯಿತು. ಆಗಸ್ಟ್ 20 ಇಂದು ಲೋಕಕ್ಕೆ ಸೊಳ್ಳೆಯ ದಿನ. ಅಂದು ರಾಸ್‌ನನ್ನು ನೆನೆಯುವವರು, ಆಣೆಗಳಿಗಾಗಿ ಮೈಯೊಡ್ಡಿದ ಹುಸೇನ್ ಖಾನನನ್ನೂ ನೆನೆಯುವುದು ನ್ಯಾಯ. ಮನೆಯ ಹಿಂದಿನ ತೊಟ್ಟಿಯನ್ನು ಬರಿದುಮಾಡಿದರೆ, ಆ ನೆನಪಿಗೆ ಸಾರ್ಥಕತೆಯೂ ಬಂದೀತು.