ಮೊಟ್ಟೆಯೊಳಗೆ ಫ್ಲೂ ಬೆಳೆಸಿದ ಬರ್ನೆಟ್

ಫ್ಲೂ ಅಂದರೆ ಬರೀ ನೆಗಡಿ ಅಂದ್ಕೋಬೇಡಿ. 1918ರಲ್ಲಿ ಬಂದ ಫ್ಲೂ ಜ್ವರಕ್ಕೆ ನಮ್ಮ ದೇಶದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಈ ರೋಗದ ಬೆನ್ನು ಹತ್ತಿದ ಒಬ್ಬ ವಿಜ್ಞಾನಿಯ ಬಗ್ಗೆ ಈ ಸಲ ಬರೆದಿದ್ದೇನೆ.

ಫ್ರಾಂಕ್ ಮ್ಯಾಕ್‌ಫಾರ್ಲೇನ್ ಬರ್ನೆಟ್ ಅವರು 1899ರ ಸೆಪ್ಟೆಂಬರ್ 3ರಂದು ಆಸ್ಟ್ರೇಲಿಯಾ ದೇಶದ ಟ್ರರಾಲ್ಗನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬ್ಯಾಂಕ್ ಮ್ಯಾನೇಜರ್. ಏಳು ಮಕ್ಕಳಲ್ಲಿ ಇವರು ಎರಡನೆಯವರು. ಚಿಕ್ಕಂದಿನಲ್ಲಿ ತುಂಬಾ ನಾಚಿಕೆ ಸ್ವಭಾವ. ಜೀರುಂಡೆಗಳನ್ನು ಹಿಡಿದು ಕೂಡಿಡೋದು ಅಂದರೆ ಬಲು ಇಷ್ಟ. (ನಾವು ಹಿಡಿದರೆ ಬೈಸಿಕೊಳ್ತೀವಿ!) ಮೆಲ್ಬರ್ನ್ ನಗರದಲ್ಲಿ ಇವರು ಡಾಕ್ಟರ್ ಓದುತ್ತಿದ್ದಾಗ, 1919ರಲ್ಲಿ, ಆ ದೊಡ್ಡ ಫ್ಲೂ ಅಲ್ಲಿಗೂ ಬಂತು. ಅದು ಯಾವುದರಿಂದ ಬರುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಕಂಡುಹಿಡಿದರು. ಮುಂಗುಸಿಯ ಹಾಗೆ ಕಾಣುವ ಫೆರೆಟ್ ಎಂಬ ಪ್ರಾಣಿಗೆ ರೋಗ ಅಂಟಿಸಿ ಅದನ್ನು ಪತ್ತೆ ಮಾಡಿದರು. ಬರ್ನೆಟ್ ಆಗ ಅದೇ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು.

ವೈರಸ್ ಜೀವ ಇರುವ ಕಡೆ ಮಾತ್ರ ಬೆಳೆಯುತ್ತೆ. ಹಾಗಾದರೆ ಎಲ್ಲಿ ಬೆಳೆಸೋದು? ಮರಿ ಬೆಳೀತಿರೋ ಕೋಳಿ ಮೊಟ್ಟೆಯಲ್ಲಿ! ಈ ದಾರಿ ಮೊದಲು ತೋರಿಸಿದವರು ಅಮೆರಿಕದ ಗುಡ್‌ಪಾಶ್ಚರ್. ಮೆಲ್ಬರ್ನಿಗೆ ವಾಪಸು ಬಂದ ಬರ್ನೆಟ್ ಇದರಲ್ಲಿ ಬಹಳ ಪಳಗಿದರು. ನಮ್ಮಜ್ಜಿ ಕಾವಿಗೆ ಇಟ್ಟ ಮೊಟ್ಟೇನ ದೀಪದ ಎದುರು ಹಿಡಿದು ಮರಿ ಕಟ್ಟಿದೆಯಾ ಅಂತ ನೋಡ್ತಾರೆ. ಪ್ರಯೋಗಾಲಯದಲ್ಲೂ ಹಾಗೇ ನೋಡ್ತಾರಂತೆ. ಆಮೇಲೆ ಚಿಪ್ಪಿಗೆ ಸಣ್ಣ ತೂತು ಮಾಡಿ ವೈರಸ್ ಬಿಡುತ್ತಾರೆ. ಎರಡು ಮೂರು ದಿನದಲ್ಲಿ ಒಳಗಿನ ನೀರಿನ ತುಂಬಾ ವೈರಸ್. ಇವತ್ತಿಗೂ ಹೆಚ್ಚಿನ ಫ್ಲೂ ಲಸಿಕೆಗಳಿಗೆ ಮೊಟ್ಟೆಯೇ ಬೇಕು.

ಆದರೆ ಬರ್ನೆಟ್ ಅವರೇ ಮಾಡಿದ ಲಸಿಕೆ ಗೆಲ್ಲಲಿಲ್ಲ. ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಶಕ್ತಿ ಕುಂದಿಸಿದ ವೈರಸ್ಸನ್ನು ಸೈನಿಕರ ಮೂಗಿಗೆ ಹಾಕಿ ಪರೀಕ್ಷೆ ಮಾಡಿದರು. ಸ್ವಲ್ಪ ಜನಕ್ಕೆ ಹಾಕಿದಾಗ ಚೆನ್ನಾಗಿತ್ತು. ಸಾವಿರಾರು ಜನಕ್ಕೆ ಹಾಕಿದಾಗ ಫಲ ಸಿಗಲಿಲ್ಲ. ಅವರು ಅದನ್ನು ಕೈಬಿಟ್ಟರು. ಆದರೂ ವೈರಸ್ಸನ್ನು ಬಿಡಲಿಲ್ಲ. ಎರಡು ಬೇರೆ ಬೇರೆ ಫ್ಲೂ ವೈರಸ್ ಸೇರಿದರೆ ಹೊಸ ಥರದ್ದು ಹುಟ್ಟುತ್ತೆ ಅಂತ ಪೆಟ್ರೀಷಿಯಾ ಲಿಂಡ್ ಎಂಬುವರ ಜೊತೆ ತೋರಿಸಿದರು.

ಇವರ ಧೈರ್ಯಕ್ಕೆ ಒಂದು ಉದಾಹರಣೆ. 1951ರಲ್ಲಿ ಮೊಲಗಳನ್ನು ಕೊಲ್ಲುವ ಒಂದು ವೈರಸ್ಸಿನಿಂದ ಮನುಷ್ಯರಿಗೂ ರೋಗ ಬರುತ್ತೆ ಅಂತ ಜನ ಹೆದರಿದ್ದರು. ಬರ್ನೆಟ್ ಮತ್ತು ಇನ್ನಿಬ್ಬರು ಅದನ್ನು ತಮಗೇ ಚುಚ್ಚಿಸಿಕೊಂಡರು. ಏನೂ ಆಗಲಿಲ್ಲ!

1960ರಲ್ಲಿ ಪೀಟರ್ ಮೆಡವಾರ್ ಜೊತೆ ಇವರಿಗೆ ನೊಬೆಲ್ ಬಹುಮಾನ ಬಂತು. ಅದು ಫ್ಲೂಗಾಗಿ ಅಲ್ಲ. ನಮ್ಮ ದೇಹ ತನ್ನದು ಯಾವುದು, ಹೊರಗಿನದು ಯಾವುದು ಅಂತ ಹೇಗೆ ಕಲಿಯುತ್ತೆ ಎಂಬ ವಿಚಾರಕ್ಕೆ. 1985ರ ಆಗಸ್ಟ್ 31ರಂದು ಬರ್ನೆಟ್ ತೀರಿಕೊಂಡರು.

ಫ್ಲೂ ವೈರಸ್ ಮಾತ್ರ ವೇಷ ಬದಲಾಯಿಸುತ್ತಲೇ ಇದೆ. ಅದಕ್ಕೇ ಲಸಿಕೆಯನ್ನೂ ಬದಲಾಯಿಸುತ್ತಾ ಇರಬೇಕು. ವೈರಸ್ಸಿನ ಮೈಮೇಲೆ ಅಣಬೆಯಂಥ ಮುಳ್ಳುಗಳಿವೆ. ಅಣಬೆಯ ಕೊಡೆ ಬೇಗ ಬದಲಾಗುತ್ತೆ, ಕಾಂಡ ಅಷ್ಟು ಬದಲಾಗಲ್ಲ. ಆ ಕಾಂಡವನ್ನೇ ಗುರುತು ಹಿಡಿಯೋಕೆ ದೇಹಕ್ಕೆ ಕಲಿಸಿದರೆ ಎಲ್ಲಾ ಥರದ ಫ್ಲೂಗೂ ಒಂದೇ ಲಸಿಕೆ ಆಗಬಹುದು, ಅದು ಬಹಳ ವರ್ಷ ಕಾಯಬಹುದು ಅಂತ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಅಂಥ ಲಸಿಕೆ ಇನ್ನೂ ಬಂದಿಲ್ಲ.