ನಮ್ಮ ನಾಡನ್ನು ಕೇಳಿ ತಿಳಿದ ಪ್ರವಾಸಿ: ಫ್ರಾನ್ಸಿಸ್ ಬುಕಾನನ್

ನಡೆದು, ನೋಡಿ, ಕೇಳಿ ಭೂಗೋಳವನ್ನು ಕಲಿತವರಲ್ಲಿ ಸ್ಕಾಟ್ಲೆಂಡ್ ದೇಶದ ಇಬ್ಬರು ವೈದ್ಯರು ಸುಪ್ರಸಿದ್ಧರು. ಇಬ್ಬರೂ ಎಡಿನ್‌ಬರೋ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿದವರು. ಮಂಗೋ ಪಾರ್ಕ್ ಎಂಬವರು 1795ರಲ್ಲಿ ಪಶ್ಚಿಮ ಆಫ್ರಿಕದ ಗ್ಯಾಂಬಿಯ ತೀರದಿಂದ ಒಳನಾಡಿಗೆ ಹೊರಟು, ಮರುವರ್ಷ ನೈಜರ್ ನದಿಯನ್ನು ಕಂಡರು. 1800ರಲ್ಲಿ ನಮ್ಮ ಸೀಮೆಗೆ ಬಂದವರೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ನರು 1762ರಲ್ಲಿ ಜನಿಸಿದರು. ಹಡಗಿನ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ಬಂಗಾಳದ ಸೇವೆಗೆ ಸೇರಿದರು. 1799ರಲ್ಲಿ ಟೀಪು ಸುಲ್ತಾನರು ಮಡಿದ ತರುವಾಯ, ಗವರ್ನರ್ ಜನರಲ್ ವೆಲ್ಲೆಸ್ಲಿಯವರು ಈ ಪ್ರಾಂತಗಳ ಬೇಸಾಯ, ಕೈಗಾರಿಕೆ, ಹವೆ, ಜನಸ್ಥಿತಿಗಳನ್ನು ವಿಚಾರಿಸಿ ಬರುವಂತೆ ಇವರನ್ನು ನೇಮಿಸಿದರು.

1800ನೆಯ ಏಪ್ರಿಲ್‌ನಲ್ಲಿ ಮದರಾಸನ್ನು ಬಿಟ್ಟು ಬೆಂಗಳೂರು, ಶ್ರೀರಂಗಪಟ್ಟಣ, ಸಿರಾಗಳನ್ನು ನೋಡಿ, ಕೊಯಮತ್ತೂರಿನ ಮಾರ್ಗವಾಗಿ ಮಲಬಾರಿಗಿಳಿದರು. 1801ರಲ್ಲಿ ಪಡುಗಡಲ ಕರೆಯಲ್ಲಿ ಮಂಗಳೂರು, ಕಾರ್ಕಳ, ಉಡುಪಿ, ಕುಂದಾಪುರ, ಹೊನ್ನಾವರಗಳನ್ನು ದಾಟಿ, ಘಟ್ಟವನ್ನೇರಿ ಸೋದೆ, ಇಕ್ಕೇರಿಗಳಿಗೆ ಬಂದರು. ರಾಗಿಯ ಹೊಲವನ್ನು ಉಳುವ ಕ್ರಮ, ಅಡಕೆತೋಟದ ಆರೈಕೆ, ನೇಕಾರರ ಮಗ್ಗ, ಚನ್ನಪಟ್ಟಣದ ವಾದ್ಯದ ತಂತಿ ಮತ್ತು ಗಾಜಿನ ಬಳೆ, ಜೈನರ ಆಚಾರ, ಇವೆಲ್ಲವನ್ನೂ ಆಯಾ ಊರಿನವರನ್ನೇ ಕೇಳಿ ಬರೆದುಕೊಂಡರು. ಆ ಬರಹವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮುಂದೆ ನೇಪಾಳದಲ್ಲಿಯೂ ಬಂಗಾಳದಲ್ಲಿಯೂ ಶೋಧನೆ ನಡೆಸಿ, ಗಂಗಾನದಿಯ ಮೀನುಗಳ ಗ್ರಂಥವನ್ನು 1822ರಲ್ಲಿ ಹೊರತಂದು, 1829ರಲ್ಲಿ ಕಾಲವಾದರು.

ಇವರ ಶ್ರಮವನ್ನು ಕೊಂಡಾಡುವಾಗ ಒಂದು ಸಂಗತಿಯನ್ನು ನಾವು ಮರೆಯಲಾಗದು. ಈ ವಿಚಾರಣೆಯು ಕುಂಪಣಿಯ ಪ್ರಯೋಜನಕ್ಕಾಗಿ ನಡೆದುದು. ಪ್ರಶ್ನೆಗಳು ದುಭಾಷಿಗಳ ಮೂಲಕ ಹೋದುವು. ಉತ್ತರ ಕೊಟ್ಟ ಒಕ್ಕಲಿಗ, ನೇಕಾರರಲ್ಲಿ ಹೆಚ್ಚಿನವರ ಹೆಸರು ಉಳಿದಿಲ್ಲ. ಆದರೆ ಅವರ ತಿಳಿವಳಿಕೆಯೇ ಆ ಗ್ರಂಥದ ತಿರುಳು. ಮೇಲಾಗಿ, ದಾರಿಹೋಕನಾದ ಪರಪುರುಷನಿಗೆ ಮನೆಯ ಒಳಬಾಗಿಲು ತೆರೆಯುವುದೆಂತು? ಬಿತ್ತನೆಯ ಬೀಜವನ್ನು ಕಾಯ್ದಿಡುವ, ಬಾಣಂತಿಯನ್ನು ಸಲಹುವ, ಬರಗಾಲದಲ್ಲಿ ಸಂಸಾರವನ್ನು ನಡೆಸುವ ವಿದ್ಯೆ ನಮ್ಮ ಅಜ್ಜಿಯರದು. ಅದನ್ನು ಕೇಳಿ ಬರೆಯಲು ದುಭಾಷಿ ಬೇಡ. ನಮ್ಮ ಶಾಲೆಯಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳು, ಹಿರಿಯರು ಇರುವಾಗಲೇ, ಅವರ ಹೆಸರುಗಳ ಸಹಿತ ಆ ಕೆಲಸವನ್ನು ಕೈಗೊಳ್ಳಲೆಂಬುದು ನಮ್ಮ ಹಾರೈಕೆ.